ಅಂಗಳದ ಕೋಳಿಗೆ ಪಂಚಾಯತ್ ನೋಟಿಸ್ ಬೇಕೇ?

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ನೆರೆಮನೆ ಜಗಳಕ್ಕೆ ಈಗ ಕೋಳಿಯೂ ಒಂದು ಕಾರಣ. ಹಿಂದೆ ಒಂದೆಕರೆ ತೆಂಗಿನ ತೋಟದಲ್ಲಿ ಒಂದೇ ಮನೆ. ಕೋಳಿ ಎಲ್ಲಿ ಕೆದಕಿದರೂ ಕೇಳುವವರಿರಲಿಲ್ಲ. ಅದೇ ತೋಟ ಮಕ್ಕಳಿಗೆ ಪಾಲಾಗಿ ಐದು ಸೆಂಟ್ಸ್, ಹತ್ತು ಸೆಂಟ್ಸ್ ಆಗಿದೆ. ಒಂದು ಮನೆಯ ಅಂಗಳಕ್ಕೆ ಇಂಟರ್‌ಲಾಕ್ ಬಿದ್ದಿದೆ, ಪಕ್ಕದ ಮನೆಯಲ್ಲಿ ಹಳೆಯ ಗೂಡು ಹಾಗೆಯೇ ಇದೆ. ಬೇಲಿ ದಾಟಿದ ಹೇಂಟೆ ಅಲ್ಲಿ ಹಿಕ್ಕೆ ಹಾಕಿದರೆ ದೂರು ಪಂಚಾಯತ್‌ಗೆ ಹೋಗುತ್ತದೆ.

ಹತ್ತು ಕೋಳಿಗಾಗಿ ಪಂಚಾಯತ್ ಮೆಟ್ಟಿಲು ಹತ್ತಬಾರದು ಎಂಬುದು ನನ್ನ ಅಭಿಪ್ರಾಯ. ಆದರೆ ಕೋಳಿ ಸಾಕುವವರು ನಿಯಮ ತಮಗಲ್ಲ ಎಂದೂ ತಿಳಿಯಬಾರದು.

ಕೇರಳದಲ್ಲಿ ಫಾರ್ಮ್‌ಗಳಿಗೆ ಲೈಸೆನ್ಸ್ ಕೊಡುವ ಪಂಚಾಯತ್ ರಾಜ್ ನಿಯಮ 2012ರಲ್ಲಿ ಬಂತು. ಅದು ಲೆಕ್ಕ ಹಿಡಿಯುವುದು ಪ್ರಾಣಿಗಳ ಸಂಖ್ಯೆಯನ್ನು. ಮನೆ ಖರ್ಚಿಗೆ ಸಾಕಿದ ಹತ್ತು ಕೋಳಿ ಫಾರ್ಮ್ ಆಗುವುದಿಲ್ಲ, ಅದಕ್ಕೆ ಲೈಸೆನ್ಸ್ ಬೇಡ. ನಾಯಿಯ ವಿಷಯ ಬೇರೆ. 1998ರ ನಿಯಮದಂತೆ ಒಂದೇ ನಾಯಿ ಇದ್ದರೂ ಪಂಚಾಯತ್ ಲೈಸೆನ್ಸ್ ಬೇಕು, ರೇಬೀಸ್ ಚುಚ್ಚುಮದ್ದು ಬೇಕು. ಗಲ್ಫಿನಲ್ಲಿರುವವರ ಮನೆ ಕಾವಲಿಗೆ ನಾಯಿ ಕಟ್ಟುವುದು ಈಗ ನಮ್ಮಲ್ಲೂ ಇದೆ. ಕೋಳಿಯ ಮೇಲೆ ದೂರು ಕೊಡುವವರು ತಮ್ಮ ಗೇಟಿನೊಳಗಿನ ನಾಯಿಗೆ ಲೈಸೆನ್ಸ್ ಇದೆಯೇ ಎಂದು ನೋಡಿಕೊಳ್ಳಲಿ.

ಬ್ರಿಟಿಷರು 1871ರಲ್ಲಿ ಮಾಡಿದ ಜಾನುವಾರು ಅತಿಕ್ರಮಣ ಕಾಯ್ದೆಯ ಪಟ್ಟಿಯಲ್ಲಿ ಆನೆ, ಒಂಟೆ, ಆಡು, ಹಂದಿ ಎಲ್ಲ ಇವೆ, ಕೋಳಿ ಇಲ್ಲ. ಬೇಲಿ ದಾಟಿದ ಆಡನ್ನು ಹಿಡಿದು ದೊಡ್ಡಿಗೆ ಹಾಕಬಹುದಿತ್ತು, ಕೋಳಿಯನ್ನು ನೆರೆಯವರೇ ಮಾತಾಡಿ ಮುಗಿಸಿಕೊಳ್ಳಬೇಕಿತ್ತು.

ಗೂಡು ಖಾಲಿಯಾದರೆ ನಷ್ಟ ಯಾರಿಗೆ? ನಮ್ಮ ಮನೆಗಳಲ್ಲಿ ಮೊಟ್ಟೆ ಮಾರಿದ ದುಡ್ಡು ಉಮ್ಮನ ಕೈಯಲ್ಲೇ ಉಳಿಯುತ್ತದೆ. ಔಷಧಿಗೆ, ಮೊಮ್ಮಕ್ಕಳ ಪೆರ್ನಾಲ್ ಕಾಸಿಗೆ ಅವರು ಮಗನ ಫೋನ್ ಕಾಯಬೇಕಾಗಿಲ್ಲ. ಪಂಚಾಯತ್‌ಗಳೇ ತಮ್ಮ ಯೋಜನೆಯಲ್ಲಿ ಹೆಂಗಸರಿಗೆ ಮೊಟ್ಟೆಕೋಳಿ ಮರಿ ಹಂಚುತ್ತವೆ. ಒಂದು ಕೈಯಲ್ಲಿ ಮರಿ ಕೊಟ್ಟು ಇನ್ನೊಂದು ಕೈಯಲ್ಲಿ ನೋಟಿಸ್ ಕೊಡುವುದು ಯಾವ ನ್ಯಾಯ? ಆ ನೋಟಿಸ್ ಮಲಯಾಳದಲ್ಲಿ ಬಂದರೆ ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸ್ ಓದಿದ ಉಮ್ಮನಿಗೆ ತಾನು ಮಾಡಿದ ತಪ್ಪೇನೆಂದೇ ಗೊತ್ತಾಗುವುದಿಲ್ಲ. ಹೆದರಿ ಎಲ್ಲವನ್ನೂ ಮಾರಿಬಿಡುತ್ತಾರೆ.

ಹಾಗೆಂದು ದೂರು ಕೊಟ್ಟವರದ್ದೆಲ್ಲ ಸುಳ್ಳಲ್ಲ. ಐದು ಸೆಂಟ್ಸ್ ಜಾಗದಲ್ಲಿ ಗೂಡು ಪಕ್ಕದ ಮನೆಯ ಬಾವಿಗೆ ತಾಗಿಕೊಂಡಿದ್ದರೆ ಮಳೆಗಾಲದಲ್ಲಿ ಆ ನೀರು ಕುಡಿಯುವವರ ಗತಿಯೇನು? ಕೊಯ್ದ ಕೋಳಿಯ ಗರಿ, ಕರುಳು ತೋಡಿಗೆ ಎಸೆದರೆ ಬೀದಿನಾಯಿಗಳು ಅಲ್ಲೇ ಬೀಡುಬಿಡುತ್ತವೆ. ಆಮೇಲೆ ಮದ್ರಸಕ್ಕೆ ಹೋಗುವ ಮಕ್ಕಳು ಹೆದರುತ್ತಾರೆ. ಇದು ನಿಜವಾದ ಉಪದ್ರವ, ಇದಕ್ಕೆ ದಂಡ ಹಾಕಿದರೂ ನನ್ನ ತಕರಾರಿಲ್ಲ. ನೆರೆಯವರ ಹಕ್ಕಿನ ಬಗ್ಗೆ ಮಸೀದಿಯಲ್ಲಿ ಎಷ್ಟು ಸಲ ಕೇಳಿಲ್ಲ? ಅದು ಅವರ ಮೂಗಿಗೂ ಬಾವಿಗೂ ಅನ್ವಯಿಸುತ್ತದೆ.

ಮಾಡಬೇಕಾದದ್ದು ಹೆಚ್ಚೇನಿಲ್ಲ. ಗೂಡು ಬಾವಿಯಿಂದ, ಪಕ್ಕದ ಮನೆಯ ಕಿಟಕಿಯಿಂದ ದೂರ ಇರಲಿ. ವಾರಕ್ಕೊಮ್ಮೆ ಹಿಕ್ಕೆ ಗುಡಿಸಿ ಬೂದಿಯೊಂದಿಗೆ ಗುಂಡಿಗೆ ಹಾಕಿ, ತೆಂಗಿಗೆ ಒಳ್ಳೆಯ ಗೊಬ್ಬರ. ಬೇಲಿಗೆ ಬಲೆ ಕಟ್ಟಿ. ಮೊಟ್ಟೆಗೆ ಹುಂಜ ಬೇಕಾಗಿಲ್ಲ, ಮರಿ ಮಾಡಿಸುವುದಿದ್ದರೆ ಒಂದು ಸಾಕು. ಪಕ್ಕದ ಮನೆಯಲ್ಲಿ ಹಸುಗೂಸೋ ಕಾಯಿಲೆಯವರೋ ಇದ್ದರೆ ಅದನ್ನು ಬೆಳಗಾಗುವ ತನಕ ಕತ್ತಲೆ ಗೂಡಿನಲ್ಲಿ ಮುಚ್ಚಿಡಿ.

ಕೋಳಿಮರಿ ಹಂಚುವ ದಿನವೇ ಈ ನಿಯಮಗಳನ್ನು ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಿಸಿ ಕೊಡಬೇಕೆಂದು ಗ್ರಾಮಸಭೆಯಲ್ಲಿ ಕೇಳೋಣ. ದೂರು ಬಂದರೆ ನೋಟಿಸಿಗೆ ಮೊದಲು ವಾರ್ಡ್ ಮೆಂಬರ್ ಎರಡೂ ಮನೆಯವರನ್ನು ಕೂರಿಸಿ ಮಾತಾಡಲಿ ಎಂದೂ ಕೇಳೋಣ. ಮುಂದಿನ ಗ್ರಾಮಸಭೆಗೆ ಉಮ್ಮಂದಿರನ್ನೂ ಕರೆದುಕೊಂಡು ಬನ್ನಿ, ಕೋಳಿ ಸಾಕುವವರು ಅವರೇ.