ಎಂಜೋಗೆ ಊರು ಸಿಕ್ಕಿತೇ?

ಪಾಲಾರಿವಟ್ಟದ ನಮ್ಮ ಮಕ್ಕಳೇ, ಬಿಡುವಾದಾಗ ಹಳೆಯ 'ರೀಬೂಟ್' ಕಾರ್ಟೂನ್ ಹುಡುಕಿ ನೋಡಿ. 1994ರಲ್ಲಿ ಶುರುವಾದ ಕೆನಡಾದ ಧಾರಾವಾಹಿ. ಪೂರ್ತಿ ಕಂಪ್ಯೂಟರಿನಲ್ಲೇ ರಚಿಸಿದ ಮೊದಮೊದಲಿನವುಗಳಲ್ಲೊಂದು. ಕಥೆ ನಡೆಯುವುದೂ ಕಂಪ್ಯೂಟರಿನೊಳಗೆ, ಮೇನ್‌ಫ್ರೇಮ್ ಎಂಬ ಊರಿನಲ್ಲಿ. ಹೊರಗೆ ಯಾರೋ ಆಟಕ್ಕೆ ಕೂತರೆ ಅಲ್ಲಿ ಆಕಾಶದಿಂದ ಆಟವೇ ಬಂದು ಬೀಳುತ್ತದೆ. ಆಡುವವನು ಗೆದ್ದರೆ ಒಳಗಿನವರ ಕೇರಿ ಹಾಳು. (ಮೊಬೈಲ್ ಹಿಡಿದು ಗೆಲ್ಲುವ ನೀವೇ ಅವರಿಗೆ ರಾಕ್ಷಸರು!)

1997ರ ಕಂತುಗಳಲ್ಲಿ ಎಂಜೋ ಎಂಬ ಪುಟ್ಟ ಹುಡುಗ ಸೋಲುತ್ತಾನೆ. ಜೀವ ಉಳಿಸಿಕೊಳ್ಳಲು ಆಟದೊಡನೆಯೇ ಊರು ಬಿಟ್ಟು, ಅಲೆಯುತ್ತಲೇ ದೊಡ್ಡವನಾಗುತ್ತಾನೆ. ಒಂದು ಕಣ್ಣೂ ಹೋಗುತ್ತದೆ. ಎಂಜೋ ಎಂದರೆ ಸಿಟ್ಟು. ಮನೆತನದ ಹೆಸರು ಮ್ಯಾಟ್ರಿಕ್ಸ್ ಮಾತ್ರ ಸಾಕು. ಹುಡುಕುವುದು ಅಕ್ಕನಿರುವ ಊರನ್ನು. ಮುಟ್ಟುವಷ್ಟರಲ್ಲಿ ಅದು ಪಾಳು. ಮುಂದೇನಾಯಿತು? ನೋಡಿ, ಬರುವ ಕೂಟದಲ್ಲಿ ನನಗೆ ಹೇಳಿ, ಕನ್ನಡದಲ್ಲೇ.