ಕುರುವೆಯಲ್ಲಿ ಜಲಕ್ರೀಡೆ

ದೋಣಿಯಲ್ಲಿ ತೇಲುತ್ತ ಹೋಗಿ, ನಡುಗಡ್ಡೆಯೊಂದರ ಮರಳಿಗೆ ಇಳಿದು, ಹಾಡು ಕುಣಿತ ಊಟೋಪಚಾರಗಳಲ್ಲಿ ಹೊತ್ತು ಕಳೆಯಬೇಕೆಂಬ ಆಸೆ ಗೋವೆಯಿಂದಲೋ ಚಲನಚಿತ್ರಗಳಿಂದಲೋ ಈಚೆಗೆ ಬಂದದ್ದೆಂದು ಹಿರಿಯರು ಗೊಣಗುವುದುಂಟು. ಕನ್ನಡ ಐಚ್ಛಿಕ ತರಗತಿಯ ವಿದ್ಯಾರ್ಥಿಗೆ ಈ ಆಪಾದನೆಯನ್ನು ಒಪ್ಪುವುದು ಕಷ್ಟ. ಮಹಾಕಾವ್ಯಕ್ಕೆ ಲಾಕ್ಷಣಿಕರು ವಿಧಿಸಿದ ಅಷ್ಟಾದಶ ವರ್ಣನೆಗಳಲ್ಲಿ ವನವಿಹಾರ, ಜಲಕ್ರೀಡೆ, ಮಧುಪಾನಗಳು ಇದ್ದೇ ಇವೆ. ನದೀತೀರದ ಸಂಭ್ರಮವಿಲ್ಲದಿದ್ದರೆ ಕಾವ್ಯವೇ ಅಪೂರ್ಣವೆಂದು ಬಗೆದ ಪರಂಪರೆ ಇದು. ಆದ್ದರಿಂದ ಪರೀಕ್ಷೆ ಮುಗಿದೊಡನೆ ಗೆಳೆಯರ ಗುಂಪು ಕಟ್ಟಿಕೊಂಡು ನೀರಿನತ್ತ ಹೊರಡುವ ತರುಣರನ್ನು ಸಂಸ್ಕೃತಿಭ್ರಷ್ಟರೆಂದು ಹಳಿಯುವುದರಲ್ಲಿ ಹುರುಳಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಆ ಸಂಭ್ರಮ ಯಾವ ನೀರಿನಲ್ಲಿ, ಯಾರ ನೆಲದ ಮೇಲೆ?

ಮೈಸೂರು, ಬೆಂಗಳೂರುಗಳಿಂದ ವಾರಾಂತ್ಯದಲ್ಲಿ ಹೊರಡುವ ವಾಹನಗಳಿಗೆ ವಯನಾಡು ಈಗ ಹತ್ತಿರದ ಊರಿನಂತಾಗಿದೆ. ಅಲ್ಲಿ ಮಾನಂದವಾಡಿಗೂ ಪುಲ್ಪಳ್ಳಿಗೂ ನಡುವೆ, ಕಬಿನಿಯ ಕವಲುಗಳು ತಬ್ಬಿಕೊಂಡಿರುವ ಸುಮಾರು 950 ಎಕರೆಯ ಕಾಡಿನ ನಡುಗಡ್ಡೆ ಕುರುವ ದ್ವೀಪ. ಅಲ್ಲಿ ಜನವಸತಿಯಿಲ್ಲ, ಬಿದಿರು, ಹೊಳೆಮರಗಳು, ಬಂಡೆಗಳ ನಡುವೆ ಹರಿಯುವ ತಿಳಿನೀರು ಇಷ್ಟೇ. ಕನ್ನಡ ಓದುಗನ ಕಿವಿಗೆ ಆ ಹೆಸರೂ ಹೊಸತಲ್ಲ. ಕುರುವ, ಕುದುರು ಎಂಬ ಕನ್ನಡ ಮಾತುಗಳಿಗೂ ತುಳುವಿನ ಕುದ್ರುವಿಗೂ ನದಿಯ ನಡುಗಡ್ಡೆ ಎಂದೇ ಅರ್ಥ. ಆ ಲೆಕ್ಕದಲ್ಲಿ ‘ಕುರುವ ದ್ವೀಪ’ವೆಂದರೆ ನಡುಗಡ್ಡೆಯ ನಡುಗಡ್ಡೆ, ‘ಗೇಟು ಬಾಗಿಲು’ ಎಂದಂತೆ. ಅಲ್ಲಿ ಹರಿಯುವ ನೀರೂ ಕನ್ನಡಿಗರಿಗೆ ಅಪರಿಚಿತವಲ್ಲ. ಗಡಿ ದಾಟಿ ಹೆಗ್ಗಡದೇವನಕೋಟೆಯ ಬೀಚನಹಳ್ಳಿಯ ಅಣೆಕಟ್ಟಿನಲ್ಲಿ ನಿಂತು, ಕಪಿಲೆಯೆಂಬ ಹೆಸರಿನಿಂದ ನಂಜನಗೂಡನ್ನು ಹಾದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುವ ನೀರು ಅದೇ.

ಬಿದಿರಿನ ತೆಪ್ಪದಲ್ಲಿ ಕುಳಿತು ದ್ವೀಪಕ್ಕೆ ದಾಟುವ ಆ ಕೆಲವು ನಿಮಿಷಗಳ ಸುಖವೇ ಕುರುವೆಯನ್ನು ಪ್ರಸಿದ್ಧಗೊಳಿಸಿತು. ಪ್ರಸಿದ್ಧಿಯ ಬೆನ್ನಿಗೆ ಜನಜಂಗುಳಿ ಬಂತು. ಆದರೆ ಆ ಕಾಡು ಆನೆಗಳ ಸಂಚಾರದ ನೆಲ. ವಯನಾಡು ವನ್ಯಜೀವಿಧಾಮ, ನಾಗರಹೊಳೆ, ಬಂಡೀಪುರ, ಮುದುಮಲೆಗಳು ಭೂಪಟದಲ್ಲಿ ಮೂರು ರಾಜ್ಯಗಳ ಬೇರೆ ಬೇರೆ ಬಣ್ಣಗಳು. ಆನೆಗೆ ಒಂದೇ ಕಾಡು. 2024ರ ಫೆಬ್ರುವರಿ 10ರಂದು ಮಾನಂದವಾಡಿಯ ಬಳಿ ಮನೆಯಂಗಳದಲ್ಲಿಯೇ ಒಬ್ಬರನ್ನು ಕೊಂದ ಸಲಗ ಕರ್ನಾಟಕದಲ್ಲಿ ಸೆರೆಹಿಡಿದು ರೇಡಿಯೊ ಕಾಲರ್ ತೊಡಿಸಿ ಕಾಡಿಗೆ ಬಿಟ್ಟದ್ದಾಗಿತ್ತು. ವಾರ ಕಳೆಯುವುದರೊಳಗೆ, 16ರಂದು, ಕುರುವೆಯ ಪರಿಸರ ಪ್ರವಾಸೋದ್ಯಮದಲ್ಲಿ ದುಡಿಯುತ್ತಿದ್ದ ಕಾವಲುಗಾರನೊಬ್ಬ ದ್ವೀಪಕ್ಕೆ ಹೋಗುವ ದಾರಿಯಲ್ಲಿ ಆನೆಯ ದಾಳಿಗೆ ಬಲಿಯಾದ. ಪ್ರವಾಸಿಗರು ದಾರಿ ತಪ್ಪದಂತೆ ನೋಡಿಕೊಳ್ಳುವುದು ಅವನ ಜೀವನೋಪಾಯವಾಗಿತ್ತು. ದ್ವೀಪ ಮುಚ್ಚಿತು. ಹೈಕೋರ್ಟಿನ ಅನುಮತಿ ಪಡೆದು ಅದೇ ವರ್ಷದ ಅಕ್ಟೋಬರಿನಲ್ಲಿ ಮತ್ತೆ ತೆರೆದಾಗ ದಿನವೊಂದಕ್ಕೆ 400 ಮಂದಿಗೆ ಮಾತ್ರ ಪ್ರವೇಶವೆಂಬ ಮಿತಿ ಬಂತು. ಈ ಮಿತಿ ವ್ಯಾಪಾರಕ್ಕೆ ಅಡ್ಡಿಯೆಂದು ಕೇಳಿಬರುವ ಅಸಮಾಧಾನ ಸಹಜ. ಆದರೂ ಮಿತಿ ಉಳಿಯಬೇಕು. ಅಷ್ಟೇ ಅಲ್ಲ, ಕುರುವೆ ಎಂದೆಂದಿಗೂ ಸಂತೋಷಕೂಟಗಳ ತಾಣವಾಗಬಾರದು.

ಇದಕ್ಕೆ ಸಮರ್ಥನೆಯನ್ನು ಪರಿಸರವಿಜ್ಞಾನದ ಪುಸ್ತಕದಲ್ಲಿಯೇ ಹುಡುಕಬೇಕಿಲ್ಲ. ಮಹಾಭಾರತದ ಆದಿಪರ್ವದ ಕೊನೆಯನ್ನು ನೋಡಿದರೆ ಸಾಕು. ಬೇಸಗೆಯ ಬೇಗೆ, ಯಮುನೆಗೆ ಹೋಗೋಣವೆಂದು ಅರ್ಜುನ ಕೃಷ್ಣನನ್ನು ಕರೆಯುತ್ತಾನೆ. ಗೆಳೆಯರು, ಅಂತಃಪುರದ ಹೆಂಗಸರು, ದ್ರೌಪದಿ, ಸುಭದ್ರೆ ಎಲ್ಲರೂ ಹೊರಡುತ್ತಾರೆ. ಹೊಳೆಯ ದಂಡೆಯಲ್ಲಿ ಬಿಡಾರ, ಭಕ್ಷ್ಯ, ಪಾನ, ವೀಣೆ, ಮೃದಂಗ. ಕೆಲವರು ಕುಣಿಯುತ್ತಾರೆ, ಕೆಲವರು ನಗುತ್ತಾರೆ, ಕೆಲವರು ಅಳುತ್ತಾರೆ. ಮದವೇರಿದ ದ್ರೌಪದಿ ಸುಭದ್ರೆಯರು ಮೈಮೇಲಿನ ಒಡವೆ ವಸ್ತ್ರಗಳನ್ನು ತೆಗೆದು ಕೊಟ್ಟುಬಿಡುತ್ತಾರೆ. ಇಂದಿನ ಯಾವ ದ್ವೀಪದ ಕೂಟಕ್ಕೂ ಕಡಿಮೆಯಾದ ಸಡಗರವಲ್ಲ ಅದು. ಗದ್ದಲದಿಂದ ತುಸು ದೂರ ಸರಿದು ಕೃಷ್ಣಾರ್ಜುನರು ಕುಳಿತಿರುವಾಗಲೇ ಬ್ರಾಹ್ಮಣವೇಷದ ಅಗ್ನಿ ಬಂದು ಹಸಿವೆ ಎನ್ನುತ್ತಾನೆ. ಅವನಿಗೆ ಬೇಕಾದ ಉಣಿಸು ಖಾಂಡವವನ. ಉರಿಯಿಂದ ತಪ್ಪಿಸಿಕೊಂಡು ಓಡುವ ಪ್ರಾಣಿಗಳನ್ನು ಇಬ್ಬರೂ ಎರಡು ದಿಕ್ಕಿನಿಂದ ತಡೆದು ಮತ್ತೆ ಉರಿಗೆ ನೂಕುತ್ತಾರೆ. ಉಳಿದದ್ದು ಅಶ್ವಸೇನನೆಂಬ ನಾಗ, ಮಯ, ನಾಲ್ಕು ಶಾರ್ಙ್ಗಕ ಪಕ್ಷಿಗಳು. ಒಟ್ಟು ಆರು ಜೀವ.

ವ್ಯಾಸರು ಈ ಎರಡು ಪ್ರಸಂಗಗಳನ್ನು ಒಂದೇ ದಂಡೆಯ ಮೇಲೆ, ಒಂದೇ ಹೊತ್ತಿನಲ್ಲಿ ಇಟ್ಟದ್ದು ಆಕಸ್ಮಿಕವೆನಿಸುವುದಿಲ್ಲ. ವಿಹಾರಕ್ಕೆ ಬಂದವರಿಗೆ ಕಾಡು ಹಿನ್ನೆಲೆಯ ಪರದೆ ಮಾತ್ರ, ಪರದೆಯನ್ನು ಸುಡಬಹುದು. ಇರಾವತಿ ಕರ್ವೆಯವರು ‘ಯುಗಾಂತ’ದಲ್ಲಿ ಖಾಂಡವದಹನವನ್ನು ನೆಲಕ್ಕಾಗಿ ನಡೆದ ನಿರ್ದಯ ಕಾರ್ಯವೆಂದೇ ಓದಿದರು. ಆರಂಭದ ಆ ಕೂಟವನ್ನೂ ಅದರೊಡನೆ ಸೇರಿಸಿ ಓದಿದರೆ ಕ್ರೌರ್ಯ ಇನ್ನೂ ನಿಚ್ಚಳವಾಗುತ್ತದೆ. ಖಾಂಡವದಹನ ಪಂಪನ ವಿಕ್ರಮಾರ್ಜುನವಿಜಯದಲ್ಲಿಯೂ ಇದೆ. ತರಗತಿಯಲ್ಲಿ ಅದನ್ನು ನಾಯಕನ ಪರಾಕ್ರಮದ ಅಧ್ಯಾಯವೆಂದಷ್ಟೇ ದಾಟಿಹೋಗುವ ರೂಢಿ ಇನ್ನಾದರೂ ಬದಲಾಗಬೇಕು.

ಕಬಿನಿಯ ದಂಡೆಯೂ ಇಂಥ ಸಂಭ್ರಮವನ್ನು ಕಂಡಿದೆ. ಮೈಸೂರು ಅರಸರ ಕಾಲದಲ್ಲಿ ಕಾಕನಕೋಟೆಯ ಖೆಡ್ಡಾ ನೋಡಲು ವೈಸರಾಯರೂ ರಾಜಮನೆತನದ ಅತಿಥಿಗಳೂ ಬರುತ್ತಿದ್ದರು. ಬಿಡಾರಗಳು ಏಳುತ್ತಿದ್ದವು, ಕಾಡಾನೆಗಳ ಹಿಂಡನ್ನು ಹೊಳೆಗೆ ಅಟ್ಟಿ ದಾಟಿಸುವುದು ದಂಡೆಯಲ್ಲಿ ಕುಳಿತವರಿಗೆ ಮನರಂಜನೆ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅದನ್ನು ನಿಲ್ಲಿಸಿದ್ದಕ್ಕೆ ಇಂದು ಯಾರೂ ಮರುಗುವುದಿಲ್ಲ.

ಹೊರಗಿನ ಉದಾಹರಣೆ ಬೇಕಾದರೆ ಥಾಯ್ಲೆಂಡಿನ ಮಾಯಾ ಕೊಲ್ಲಿಯಿದೆ. 2000ದಲ್ಲಿ ತೆರೆಕಂಡ ಒಂದು ಹಾಲಿವುಡ್ ಚಿತ್ರದಿಂದ ಅದು ಹೆಸರಾಯಿತು, ದೋಣಿಗಳು ಸಾಲುಗಟ್ಟಿದವು, ಹವಳದ ದಿಬ್ಬಗಳು ಹಾಳಾದವು. 2018ರಲ್ಲಿ ಮುಚ್ಚಿ, 2022ರ ಜನವರಿಯಲ್ಲಿ ತೆರೆದಾಗ ದೋಣಿಗಳು ಮರಳಿಗೆ ಬಂದು ತಾಗುವಂತಿಲ್ಲವೆಂಬ ಕಟ್ಟಳೆ ಬಂತು, ಜನಸಂಖ್ಯೆಗೆ ಮಿತಿಯೂ ಬಂತು. ಆ ಅವಧಿಯಲ್ಲಿ ಕೊಲ್ಲಿಗೆ ಶಾರ್ಕ್ ಮೀನುಗಳು ಮರಳಿದವು.

ಇಷ್ಟೆಲ್ಲ ಹೇಳಿ, ಹಾಗಾದರೆ ವಯನಾಡಿಗೆ ಹೋಗಲೇಬೇಡಿ ಎನ್ನುವುದು ಸುಲಭ. ಆದರೆ ಅದು ಅನ್ಯಾಯ. 2024ರ ಜುಲೈ 30ರ ಮುಂಡಕ್ಕೈ-ಚೂರಲ್‌ಮಲದ ಭೂಕುಸಿತ ಇನ್ನೂರಕ್ಕೂ ಹೆಚ್ಚು ಜೀವಗಳನ್ನು ತೆಗೆದುಕೊಂಡಿತಲ್ಲದೆ, ಕುಸಿತದ ನೆಲದಿಂದ ಎಷ್ಟೋ ದೂರವಿದ್ದ ಊರುಗಳಿಗೂ ಪ್ರವಾಸಿಗರು ಬಾರದಂತೆ ಮಾಡಿತು. ಕುರುವೆ ಮುಚ್ಚಿದ್ದ ತಿಂಗಳುಗಳಲ್ಲಿ ತೆಪ್ಪ ನಡೆಸುವವರು, ದಾರಿ ತೋರಿಸುವವರು, ಕಡವಿನ ಬಳಿ ಚಹಾ ಮಾರುವವರು ಕೈಕಟ್ಟಿ ಕುಳಿತರು. ಬೆಂಗಳೂರಿನಲ್ಲಿ ಕುಳಿತು ಕಾಡಿನ ಪರವಾಗಿ ವಾದಿಸುವವರಿಗೆ ಆ ಸಂಬಳದ ಚಿಂತೆಯಿಲ್ಲ. ಪ್ರವೇಶಕ್ಕೆ ಮಿತಿಯಿರುವಾಗ ಪ್ರತಿಯೊಬ್ಬನೂ ತೆರುವ ಶುಲ್ಕ ಹೆಚ್ಚಾಗಿ, ಅದರ ಪಾಲು ಈ ಕೆಲಸಗಾರರಿಗೆ ಮಳೆಗಾಲದ ಬಿಡುವಿನಲ್ಲಿಯೂ ದೊರೆಯುವಂತಾಗಬೇಕು. ಅಗ್ಗದ ದರದಲ್ಲಿ ಜಾತ್ರೆ ಸೇರಿಸುವುದಕ್ಕಿಂತ ಇದು ಎಲ್ಲರಿಗೂ ಕ್ಷೇಮ. ವೇಗದ ದೋಣಿಯ ಮೋಜೇ ಬೇಕೆನ್ನುವವರಿಗೆ ಪಡಿಂಜಾರತ್ತರದ ಬಾಣಾಸುರ ಸಾಗರದಲ್ಲಿ ಮೋಟಾರು ದೋಣಿಗಳಿವೆ. ಅಲ್ಲಿನ ದ್ವೀಪಗಳು ಜಲಾಶಯದಲ್ಲಿ ಮುಳುಗಿದ ನೆಲದ ಗುಡ್ಡನೆತ್ತಿಗಳು ಎಂಬುದನ್ನು ನೆನೆದರೆ ಆ ಮೋಜೂ ತುಸು ಮೆತ್ತಗಾಗಬಹುದು.

ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಹೊಣೆಯೂ ಇದೆ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ ಸಡಿಲವಾಗಬಾರದೆಂದು ಕರ್ನಾಟಕದ ಜನ ವಾದಿಸುತ್ತಾರೆ. ವಯನಾಡಿನವರು ಅದರಿಂದ ತಮಗಾಗುವ ಕಷ್ಟವನ್ನು ಹೇಳುತ್ತಾರೆ. ನಿಷೇಧ ಸರಿಯಾದದ್ದೇ. ಆದರೆ ಹಗಲಿನಲ್ಲಿ ಅದೇ ಹೆದ್ದಾರಿಯಲ್ಲಿ ಹೋಗಿ, ಆನೆಗಳು ನೀರಿಗೆ ಇಳಿಯುವ ದಂಡೆಯಲ್ಲಿ ಧ್ವನಿವರ್ಧಕ ಹಚ್ಚಿ, ಬಾಟಲಿ ಎಸೆದು ಬರುವವನ ಬಾಯಲ್ಲಿ ಆ ವಾದಕ್ಕೆ ಬೆಲೆಯುಳಿಯದು. ಅಲ್ಲಿ ತೇಲಿಬಿಟ್ಟದ್ದು ಗಡಿ ದಾಟಿ ಬೀಚನಹಳ್ಳಿಗೇ ಬರುತ್ತದೆ.

ಅಧ್ಯಯನ ಪ್ರವಾಸದ ದಿನಗಳು ಹತ್ತಿರವಾಗುತ್ತಿವೆ. ವಯನಾಡನ್ನು ಆರಿಸುವ ತಂಡಕ್ಕೆ ನೋಡಲು ಬೇಕಾದಷ್ಟಿದೆ. ಸುಲ್ತಾನ್ ಬತ್ತೇರಿಯ ಕಲ್ಲಿನ ಬಸದಿಯಿದೆ. ಕನ್ನಡಕ್ಕೆ ಹತ್ತಿರದ ನುಡಿಯಾಡುವ ಕಾಟ್ಟುನಾಯ್ಕರ ಹಾಡಿಗಳಿವೆ. ಪೆರಿಕ್ಕಲ್ಲೂರಿನಿಂದ ಕಬಿನಿಯನ್ನು ದಾಟಿಸಿ ಕರ್ನಾಟಕದ ಬೈರಕುಪ್ಪೆಗೆ ತಲುಪಿಸುವ ಕಡವಿನ ದೋಣಿಯಿದೆ. ಕುರುವೆಗೂ ಹೋಗಬಹುದು: ಬೆಳಗ್ಗೆಯೇ ಕಡವಿಗೆ ಬಂದು, ಆ ದಿನದ ಮಿತಿಯೊಳಗೆ ಚೀಟಿ ಸಿಕ್ಕರೆ.