ಕರಿಕೋಟಿನ ಮಡಿ

1923ರ ಮಾತು. ಬಾಬಾಸಾಹೇಬ ಅಂಬೇಡ್ಕರ್ ಮುಂಬಯಿಗೆ ಹಿಂದಿರುಗಿದ್ದರು. ಕೊಲಂಬಿಯಾದಲ್ಲಿ ಓದಿದ್ದರು, ಲಂಡನ್ನಿನಲ್ಲಿ ಓದಿದ್ದರು. 1922ರಲ್ಲಿ ಗ್ರೇಸ್ ಇನ್ ಅವರನ್ನು ಬ್ಯಾರಿಸ್ಟರ್ ಅಂತ ಒಪ್ಪಿಕೊಂಡಿತ್ತು. ಆದರೆ ಮುಂಬಯಿಯ ಕೋರ್ಟಿನಲ್ಲಿ ಎದ್ದು ನಿಂತು ವಾದ ಮಾಡಬೇಕಾದರೆ ಸನದು ಬೇಕು. ಸನದಿಗೆ ದುಡ್ಡು ಬೇಕು. ಅಷ್ಟೆಲ್ಲ ಓದಿದ ಮನುಷ್ಯನ ಜೇಬಿನಲ್ಲಿ ಆ ದುಡ್ಡು ಇರಲಿಲ್ಲ. ಗೆಳೆಯ ನವಲ್ ಭಥೇನಾ ಹಣ ಕೊಟ್ಟರು, ಸನದು ಬಂತು.

ಕಣ್ಣೀರು ಹಾಕಲಿಕ್ಕೆ ನಾವು ಇದನ್ನು ನೆನೆಯುತ್ತಿಲ್ಲ. ಒಂದು ಪ್ರಶ್ನೆ ಕೇಳಲಿಕ್ಕೆ ನೆನೆಯುತ್ತಿದ್ದೇವೆ. ಆ ಗೆಳೆಯ ಇಲ್ಲದೇ ಹೋಗಿದ್ದರೆ? ವಿದ್ಯೆ ಇತ್ತು, ಪರೀಕ್ಷೆ ಪಾಸಾಗಿತ್ತು, ಆದರೂ ಬಾಗಿಲಲ್ಲಿ ಒಬ್ಬ ಸುಂಕದವನು ಕೂತಿದ್ದ. ನೂರು ವರ್ಷ ದಾಟಿತು. ಸುಂಕದವನು ಎದ್ದು ಹೋಗಿಲ್ಲ. ಒಂದು ದೇಶದಲ್ಲಿ ಲಾ ಓದಿ ಇನ್ನೊಂದು ದೇಶದಲ್ಲಿ ಬದುಕು ಕಟ್ಟಿಕೊಳ್ಳಲು ಹೋದವರ ಮುಂದೆ ಅವನು ಇವತ್ತೂ ಕಾಲು ಚಾಚಿ ಕೂತಿದ್ದಾನೆ.

‘ವಿಮಾನ ಹತ್ತಿ ಹೋದವರ ಗೋಳು ನಮಗ್ಯಾಕಪ್ಪಾ, ಕೇರಿಯಲ್ಲಿ ನಲ್ಲಿ ನೀರಿಲ್ಲ’ ಅಂತ ನಮ್ಮ ಗೆಳೆಯರೇ ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಉತ್ತರ ಇಷ್ಟೆ: ಬಾಗಿಲು ಕಾಯುವವರ ಮಾತು ಎಲ್ಲ ಕಡೆ ಒಂದೇ. ದೇವಸ್ಥಾನದ ಬಾಗಿಲಲ್ಲಿ ಅದಕ್ಕೆ ಮಡಿ ಅಂತಾರೆ, ಕಾಲೇಜಿನ ಬಾಗಿಲಲ್ಲಿ ಪ್ರತಿಭೆ ಅಂತಾರೆ, ಕೋರ್ಟಿನ ಬಾಗಿಲಲ್ಲಿ ಗುಣಮಟ್ಟ ಅಂತಾರೆ. ಒಂದು ಬಾಗಿಲಿನ ಮರ್ಮ ತಿಳಿದರೆ ಉಳಿದ ಬಾಗಿಲುಗಳ ಮರ್ಮವೂ ತಿಳಿಯುತ್ತದೆ.

ಇತಿಹಾಸವನ್ನೇ ಕೇಳಿ. ಬ್ರಿಟಿಷರ ಕಾಲದಲ್ಲಿ ಲಂಡನ್ನಿನಿಂದ ಬ್ಯಾರಿಸ್ಟರಾಗಿ ಬಂದವನಿಗೆ ಇಲ್ಲಿ ಮೊದಲ ಮಣೆ. ಕಲ್ಕತ್ತೆ ಹೈಕೋರ್ಟಿನ ಒರಿಜಿನಲ್ ಸೈಡಿನಲ್ಲಿ ವಾದ ಮಾಡುವ ಹಕ್ಕು ಬಹುಕಾಲ ಬ್ಯಾರಿಸ್ಟರುಗಳಿಗೇ ಮೀಸಲಾಗಿತ್ತು. ಇಲ್ಲಿಯ ಕಾನೂನನ್ನು ಇಲ್ಲೇ ಅರೆದು ಕುಡಿದ ವಕೀಲ ಹೊರಗೆ. ಮೀಸಲಾತಿ ಎಂಬ ಶಬ್ದ ಕೇಳಿದರೆ ಮೈಯೆಲ್ಲ ಉರಿದುಕೊಳ್ಳುವ ಮಹನೀಯರು ಈ ಮೀಸಲಾತಿಯ ಬಗ್ಗೆ ಒಂದು ದಿನವಾದರೂ ಬಾಯಿ ಬಿಟ್ಟಿದ್ದಾರೆಯೇ?

ಅದೇ ಲಂಡನ್ನಿನ ಬ್ಯಾರಿಸ್ಟರ್ ಪದವಿ ಹೊತ್ತು ಗಾಂಧಿ 1894ರಲ್ಲಿ ದಕ್ಷಿಣ ಆಫ್ರಿಕಾದ ನಟಾಲಿನಲ್ಲಿ ವಕೀಲಿಗೆ ಅರ್ಜಿ ಹಾಕಿದರು. ಅಲ್ಲಿನ ವಕೀಲರ ಸಂಘ ವಿರೋಧಿಸಿತು. ಪದವಿ ಬದಲಾಗಿರಲಿಲ್ಲ, ಚರ್ಮದ ಬಣ್ಣ ಮಾತ್ರ ಕಣ್ಣಿಗೆ ಬಿತ್ತು. ಕೊನೆಗೆ ಕೋರ್ಟು ಒಪ್ಪಿಕೊಂಡಿತು, ಆದರೆ ತಲೆಯ ಮೇಲಿನ ರುಮಾಲು ತೆಗೆ ಎಂದಿತು. ಗಾಂಧಿಯ ಜೊತೆ ನಮ್ಮ ಜಗಳ ಬೇಕಾದಷ್ಟಿದೆ, ಅದು ಮುಗಿದಿಲ್ಲ. ಆದರೆ ನಟಾಲಿನ ಬಾಗಿಲಲ್ಲಿ ನಿಂತ ಆ ಮನುಷ್ಯನ ಪರವಾಗಿಯೇ ನಾವಿದ್ದೇವೆ. ಯಾಕೆಂದರೆ ‘ಹೊರಗಿನ ಓದು’ ಅನ್ನುವುದು ಓದಿನ ಅಳತೆ ಅಲ್ಲವೇ ಅಲ್ಲ. ಆಳುವವನ ಓದು ಎಲ್ಲಿ ಹೋದರೂ ಒಳಗಿನದು, ಆಳಿಸಿಕೊಳ್ಳುವವನ ಓದು ಎಲ್ಲಿ ಹೋದರೂ ಹೊರಗಿನದು.

ಈಗ ನ್ಯೂಯಾರ್ಕಿಗೆ ಬನ್ನಿ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಹೊರದೇಶದ ಲಾ ಪದವಿ ಒಂದನ್ನೇ ಹಿಡಿದು ಬಂದವರಿಗೆ ಬಾರ್ ಪರೀಕ್ಷೆಯ ಕೊಠಡಿಯೊಳಗೆ ಕಾಲಿಡುವುದೂ ಕಷ್ಟ. ನ್ಯೂಯಾರ್ಕ್ ಅಷ್ಟು ಕೆಟ್ಟದ್ದಲ್ಲ. ಪ್ರತಿ ವರ್ಷ ಸಾವಿರಾರು ಹೊರದೇಶದವರು ಅಲ್ಲಿ ಪರೀಕ್ಷೆ ಬರೆಯುತ್ತಾರೆ. ಆದ್ದರಿಂದಲೇ ಅದನ್ನು ಹತ್ತಿರದಿಂದ ನೋಡಬೇಕು. ಅಮೆರಿಕದ ಮಾನ್ಯ ಲಾ ಶಾಲೆಯಲ್ಲಿ ಓದಿದವನಿಗೆ ಪರೀಕ್ಷಾ ಶುಲ್ಕ 250 ಡಾಲರ್. ಹೊರದೇಶದಲ್ಲಿ ಓದಿದವನಿಗೆ 750 ಡಾಲರ್. ನಮ್ಮ ಲೆಕ್ಕದಲ್ಲಿ ಅರವತ್ತು ಸಾವಿರ ರೂಪಾಯಿಗೂ ಮೇಲೆ. ಪ್ರಶ್ನೆಪತ್ರಿಕೆ ಒಂದೇ, ಮೇಜು ಒಂದೇ, ತಿದ್ದುವವರೂ ಅವರೇ. ಬೆಲೆ ಮಾತ್ರ ಮೂರು ಪಟ್ಟು. ಇದನ್ನು ಯಾವನೋ ಗುಮಾಸ್ತ ಗುಟ್ಟಾಗಿ ಮಾಡಿದ್ದಲ್ಲ, ಕಾನೂನಿನಲ್ಲೇ ಬರೆದಿಟ್ಟಿದ್ದಾರೆ.

ಅದಕ್ಕೂ ಮುಂಚೆ ಇನ್ನೊಂದು ಕಟ್ಟೆ ಇದೆ. ನಿನ್ನ ದೇಶದ ಓದು ಅವಧಿಯಲ್ಲೂ ವಿಷಯದಲ್ಲೂ ನಮ್ಮ ಓದಿಗೆ ಸಮ ಅಂತ ಮಂಡಳಿಗೆ ಅನ್ನಿಸಿದರೆ ಸರಿ. ಇಲ್ಲದಿದ್ದರೆ ಅಮೆರಿಕದ ಶಾಲೆಯೊಂದರಲ್ಲಿ, ಖುದ್ದು ಅಲ್ಲೇ ಕೂತು, 24 ಕ್ರೆಡಿಟ್ಟಿನ ಎಲ್‌ಎಲ್‌ಎಂ ಓದಿ ಬಾ. ಹೆಸರುವಾಸಿ ಶಾಲೆಗಳಲ್ಲಿ ಆ ಒಂದು ವರ್ಷದ ಬೋಧನಾ ಶುಲ್ಕವೇ ಎಪ್ಪತ್ತು ಸಾವಿರ ಡಾಲರ್ ದಾಟುತ್ತದೆ. ತಮಾಷೆ ನೋಡಿ, ಆ 24ರಲ್ಲಿ ಇಂಥಿಂಥ ವಿಷಯವನ್ನೇ ಓದಬೇಕು ಅಂತ ನಿಯಮ ಕಟ್ಟುಮಾಡಿರುವುದು 12ಕ್ಕೆ ಮಾತ್ರ: ವೃತ್ತಿಯ ನೀತಿಗೆ 2, ಕಾನೂನು ಬರವಣಿಗೆಗೆ 2, ಅಮೆರಿಕದ ಕಾನೂನು ಪದ್ಧತಿಗೆ 2, ಪರೀಕ್ಷೆಯ ವಿಷಯಗಳಿಗೆ 6. ಕೊರತೆ ತುಂಬಲಿಕ್ಕೆ ಹನ್ನೆರಡು ಸಾಕಾದರೆ ಇಪ್ಪತ್ತನಾಲ್ಕಕ್ಕೆ ದುಡ್ಡು ಯಾಕೆ? ಅದೇ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ತನ್ನ ದೇಶದಲ್ಲಿ ಆಗಲೇ ವಕೀಲನಾಗಿರುವವನು ಇನ್ನೊಂದು ಪದವಿ ಕೊಳ್ಳದೆಯೇ ಪರೀಕ್ಷೆಗೆ ಕೂರಬಹುದು. ಅಲ್ಲೇನು ಆಕಾಶ ಕಳಚಿ ಬಿದ್ದಿದೆಯೇ?

ನಮ್ಮ ತಂಗಿಯೊಬ್ಬಳು ಅಲ್ಲಿದ್ದಾಳೆ. ಕೋಲಾರದ ಕಡೆಯವಳು, ಮನೆಯಲ್ಲಿ ಮೊದಲು ಅಕ್ಷರ ಕಲಿತವಳು, ತಾಲ್ಲೂಕು ಕೋರ್ಟಿನಲ್ಲಿ ಆರು ವರ್ಷ ಕರಿಕೋಟು ಹಾಕಿದವಳು. ಅಲ್ಲಿ ಈಗ ವಕೀಲರೊಬ್ಬರ ಆಫೀಸಿನಲ್ಲಿ ಫೈಲು ಜೋಡಿಸುತ್ತಾಳೆ. ಅರ್ಜಿ ಬರೆಯುವವಳು ಇವಳು, ಸಹಿ ಹಾಕುವವರು ಇನ್ಯಾರೋ. ಜುಲೈ ಪರೀಕ್ಷೆಗೆ ಕೂರಬೇಕಾದರೆ ಹಿಂದಿನ ವರ್ಷವೇ ಮಂಡಳಿಗೆ ಕಾಗದಪತ್ರ ಮುಟ್ಟಬೇಕು. ಅದನ್ನು ಇವಳು ಕಳಿಸುವ ಹಾಗಿಲ್ಲ, ಓದಿದ ವಿಶ್ವವಿದ್ಯಾಲಯವೇ ನೇರವಾಗಿ ಕಳಿಸಬೇಕು. ಇವಳ ತಮ್ಮ ಚಲನ್ ಕಟ್ಟಿ ವಿಶ್ವವಿದ್ಯಾಲಯದ ಆಫೀಸಿಗೆ ಅಲೆದ. ಒಂದು ದಿನ ಸಾಹೇಬರು ರಜೆ. ಇನ್ನೊಂದು ದಿನ ಸೀಲು ಇಟ್ಟ ಬೀರುವಿನ ಬೀಗದ ಕೈ ಇಲ್ಲ. ಮತ್ತೊಂದು ದಿನ ‘ಸೋಮವಾರ ಬಾರಪ್ಪ’. ಅಷ್ಟರಲ್ಲಿ ಗಡುವು ಮುಗಿದಿತ್ತು. ಅವಳು ಫೋನಿನಲ್ಲಿ ಹೇಳಿದ ಮಾತು ನಮ್ಮ ಕಿವಿಯಲ್ಲಿ ಇನ್ನೂ ಇದೆ: ‘ಅಣ್ಣಾ, ಪರೀಕ್ಷೇಲಿ ಫೇಲಾಗಿದ್ರೆ ನನ್ನನ್ನ ನಾನು ಬೈಕೋತಿದ್ದೆ. ಪರೀಕ್ಷೆ ಹಾಲೇ ನೋಡಿಲ್ವಲ್ಲ, ಯಾರನ್ನ ಬೈಲಿ?’

ಬೆಂಗಳೂರಿನಲ್ಲಿ ಚಿಕ್ಕಪ್ಪನೋ ದೊಡ್ಡಪ್ಪನೋ ದೊಡ್ಡ ಹುದ್ದೆಯಲ್ಲಿ ಇರುವವರ ಕವರು ಮೂರು ದಿನಕ್ಕೆ ಸೀಲಾಗಿ ಹೊರಡುತ್ತದೆ. ಇವಳ ಕವರು ಹೊರಡಲಿಲ್ಲ. ನ್ಯೂಯಾರ್ಕಿನ ನಿಯಮದಲ್ಲಿ ಜಾತಿಯ ಹೆಸರಿಲ್ಲ, ನಿಜ. ಆದರೆ ಆ ನಿಯಮ ನಮ್ಮ ಊರಿಗೆ ಬಂದು ತಲುಪುವ ಹೊತ್ತಿಗೆ ಅದಕ್ಕೂ ಜಾತಿ ಅಂಟಿಕೊಂಡಿರುತ್ತದೆ.

ಬೇರೆ ದಾರಿಯೇ ಇಲ್ಲವೇ? ಇದೆ. ಇಂಗ್ಲೆಂಡು 2021ರಲ್ಲಿ ಸಾಲಿಸಿಟರ್ ಆಗಲು ಎಲ್ಲರಿಗೂ ಒಂದೇ ಪರೀಕ್ಷೆ ತಂದಿತು. ಅಲ್ಲೇ ಓದಿದವನಿಗೂ ಹೊರಗಿನ ವಕೀಲನಿಗೂ ಒಂದೇ ಪತ್ರಿಕೆ, ಒಂದೇ ಶುಲ್ಕ. ತತ್ವ ಸರಿ. ಆದರೆ ಎರಡು ಹಂತದ ಶುಲ್ಕ ಸೇರಿ ಐದು ಸಾವಿರ ಪೌಂಡಿನ ಹತ್ತಿರ ಬರುತ್ತದೆ, ಮಾತಿನ ಪರೀಕ್ಷೆಗೆ ಖುದ್ದು ಇಂಗ್ಲೆಂಡಿಗೋ ವೇಲ್ಸಿಗೋ ಹೋಗಬೇಕು, ವೀಸಾ ಬೇಕು. 2024ರ ಜನವರಿಯ ಪರೀಕ್ಷೆಯಲ್ಲಿ ಪಾಸಾಗಿದ್ದ 175 ಜನಕ್ಕೆ ಫೇಲು ಅಂತ ತಿಳಿಸಿ, ಏಪ್ರಿಲ್‌ನಲ್ಲಿ ‘ನಮ್ಮ ಲೆಕ್ಕ ತಪ್ಪಿತು’ ಅಂತ ಒಪ್ಪಿಕೊಂಡರು. ಗುಣಮಟ್ಟ ಅಳೆಯುವ ತಕ್ಕಡಿಯ ಗುಣಮಟ್ಟ ಇದು! ಕೆನಡಾದಲ್ಲಿ ಒಬ್ಬೊಬ್ಬರ ಓದನ್ನು ಬೇರೆಬೇರೆಯಾಗಿ ತೂಗಿ, ಇಂಥ ವಿಷಯದಲ್ಲಿ ನಿನಗೆ ಕೊರತೆ ಇದೆ, ಮನೆಯಲ್ಲೇ ಓದಿ ಪರೀಕ್ಷೆ ಬರೆ ಅಂತಾರೆ. ಪದವಿ ಮತ್ತೆ ಕೊಳ್ಳಬೇಕಾಗಿಲ್ಲ. ಅದರ ನಂತರ ವಕೀಲರ ಕೈಕೆಳಗೆ ತರಬೇತಿಯ ಜಾಗ ಹುಡುಕುವಾಗ ಹೊರಗಿನವನ ಚಪ್ಪಲಿ ಸವೆಯುತ್ತದೆ, ಅದು ಬೇರೆ ಮಾತು. ಆದರೂ ಪರೀಕ್ಷೆಯ ಬಾಗಿಲನ್ನು ಹೇಗೆ ತೆರೆದಿಡಬಹುದು ಅನ್ನುವುದಕ್ಕೆ ಅದು ಸಾಕ್ಷಿ.

ಇಷ್ಟು ಹೇಳಿ ನಮ್ಮ ಮನೆಯ ಬಾಗಿಲನ್ನು ನೋಡದಿದ್ದರೆ ನಾವು ಅಪ್ರಾಮಾಣಿಕರು. 1961ರ ವಕೀಲರ ಕಾಯ್ದೆಯ ಪ್ರಕಾರ ನಿಮ್ಮ ದೇಶ ನಮ್ಮವರನ್ನು ಬಿಟ್ಟುಕೊಂಡರೆ ಮಾತ್ರ ನಾವು ನಿಮ್ಮವರನ್ನು ಬಿಟ್ಟುಕೊಳ್ಳುತ್ತೇವೆ. ಹೊರದೇಶದ ವಕೀಲರು ಇಲ್ಲಿ ವಕೀಲಿ ಮಾಡುವಂತಿಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆಮೇಲೆ 2023ರಲ್ಲಿ ಬಾರ್ ಕೌನ್ಸಿಲ್ ನಿಯಮ ಮಾಡಿ ದೊಡ್ಡ ದೊಡ್ಡ ವಿದೇಶಿ ಕಂಪನಿಗಳ ವಕೀಲರಿಗೆ, ಕೋರ್ಟು ಹತ್ತದ ಕೆಲಸಕ್ಕೆ, ಕಿಂಡಿ ತೆರೆಯಿತು. ಬಂಡವಾಳಕ್ಕೆ ಕಿಂಡಿ ಬೇಗ ತೆರೆಯುತ್ತದೆ! ವಿದೇಶಿ ಪದವಿ ತಂದ ನಮ್ಮದೇ ಪ್ರಜೆಗೆ ಬೇರೆ ಅರ್ಹತಾ ಪರೀಕ್ಷೆ, ಅದಾದ ಮೇಲೆ ಎಲ್ಲರಂತೆ ಅಖಿಲ ಭಾರತ ಬಾರ್ ಪರೀಕ್ಷೆ.

ಇಲ್ಲೇ ಓದಿದವರ ಗತಿ? ಸನದಿಗೆ ಹಲವು ರಾಜ್ಯಗಳಲ್ಲಿ ಹದಿನೈದು ಸಾವಿರದಿಂದ ನಲವತ್ತು ಸಾವಿರದವರೆಗೆ ಕೀಳುತ್ತಿದ್ದರು. ಕಾಯ್ದೆ ಹೇಳಿದ್ದು 750 ರೂಪಾಯಿ, ಪರಿಶಿಷ್ಟರಿಗೆ 125. ಇದಕ್ಕಿಂತ ಒಂದು ಪೈಸೆ ಹೆಚ್ಚು ಕೇಳಬೇಡಿ ಎಂದು ಸುಪ್ರೀಂ ಕೋರ್ಟು ಹೇಳಲಿಕ್ಕೆ 2024ರ ಜುಲೈ 30 ಬರಬೇಕಾಯಿತು. ಬಾಬಾಸಾಹೇಬರು ಸನದಿನ ದುಡ್ಡಿಗೆ ಪರದಾಡಿ 101 ವರ್ಷವಾಗಿತ್ತು. ಅಷ್ಟಾದರೂ ಬಾರ್ ಪರೀಕ್ಷೆಯ ಶುಲ್ಕ ಪರಿಶಿಷ್ಟರಿಗೆ 2,500 ರೂಪಾಯಿ. ಸನದಿನ ಇಪ್ಪತ್ತು ಪಟ್ಟು. ಮುಂಬಾಗಿಲು ಮುಚ್ಚಿದರೆ ಹಿತ್ತಲ ಬಾಗಿಲಲ್ಲಿ ಸುಂಕ!

ನಮ್ಮ ಮಾತನ್ನು ತಿರುಚಬೇಡಿ. ಪರೀಕ್ಷೆಯೇ ಬೇಡ ಎಂದು ನಾವು ಹೇಳುತ್ತಿಲ್ಲ. ಕಾನೂನು ತಿಳಿಯದ ವಕೀಲನ ಕೈಗೆ ಸಿಕ್ಕಿ ಮೊದಲು ಹಾಳಾಗುವವನು ಬಡವ. ಶ್ರೀಮಂತ ಇನ್ನೊಬ್ಬ ವಕೀಲನನ್ನು ಇಟ್ಟುಕೊಳ್ಳುತ್ತಾನೆ, ಬಡವ ಜೈಲಿಗೆ ಹೋಗುತ್ತಾನೆ, ವಲಸೆಗಾರನಾದರೆ ಗಡೀಪಾರಾಗುತ್ತಾನೆ. ಆದ್ದರಿಂದ ಪರೀಕ್ಷೆ ಇರಲಿ, ಕಠಿಣವಾಗಿಯೇ ಇರಲಿ. ಆದರೆ ನ್ಯೂಯಾರ್ಕಿನ ಹೋಟೆಲಿನಲ್ಲಿ ತಟ್ಟೆ ತೊಳೆಯುವವನಿಗೆ, ಟ್ಯಾಕ್ಸಿ ಓಡಿಸುವವನಿಗೆ ಅವನ ಭಾಷೆ ಬಲ್ಲ, ಅವನ ಸಂಕಟ ಬಲ್ಲ ವಕೀಲ ಬೇಡವೇ? ಅಂಥ ವಕೀಲರನ್ನು ಬಾಗಿಲಾಚೆ ನಿಲ್ಲಿಸಿ ಕಕ್ಷಿದಾರನನ್ನು ಕಾಪಾಡುತ್ತೇವೆ ಅನ್ನುವುದು ಯಾವ ನ್ಯಾಯ?

ನಾವು ಕೇಳುವುದು ಇಷ್ಟು. ಒಂದೇ ಪರೀಕ್ಷೆಗೆ ಒಂದೇ ಶುಲ್ಕ, ಕಟ್ಟಲಾರದವರಿಗೆ ಮನ್ನಾ. ಓದಿನಲ್ಲಿ ಕೊರತೆ ಇದ್ದರೆ ಇಂಥದ್ದು ಅಂತ ಬರೆದು ಕೊಡಿ, ಅಷ್ಟನ್ನೇ ಓದಿಸಿ, ಇಡೀ ಪದವಿಯನ್ನು ಮತ್ತೆ ಮಾರಬೇಡಿ. ಅರ್ಜಿ ತಿರಸ್ಕರಿಸಿದರೆ ಕಾರಣ ಹೇಳಿ, ಮೇಲ್ಮನವಿಗೆ ದಾರಿ ಇಡಿ. ನಮ್ಮ ವಿಶ್ವವಿದ್ಯಾಲಯಗಳು ಇಷ್ಟು ದಿನದೊಳಗೆ ಕಾಗದ ಕಳಿಸಲೇಬೇಕು ಅಂತ ಕಟ್ಟುಪಾಡು ಆಗಲಿ, ತಪ್ಪಿದರೆ ದಂಡ ಬೀಳಲಿ. ನಮ್ಮ ಬಾರ್ ಕೌನ್ಸಿಲ್ಲು ಹೊರದೇಶದಲ್ಲಿ ಕೇಳುವ ನ್ಯಾಯವನ್ನು ಮೊದಲು ಇಲ್ಲಿ ಕೊಡಲಿ.

ಭಥೇನಾ ಎಂಬ ಗೆಳೆಯನನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಆದರೆ ಪಾಸಾದವನು ಪರವಾನಗಿಗಾಗಿ ಗೆಳೆಯನ ಜೇಬು ನೋಡಬೇಕಾದ ವ್ಯವಸ್ಥೆಗೆ ನ್ಯಾಯಾಂಗ ಅನ್ನುವ ಹೆಸರು ಒಪ್ಪುವುದಿಲ್ಲ. ಕೋಲಾರದ ತಂಗಿ ಈ ವರ್ಷ ಮತ್ತೆ ಅರ್ಜಿ ಹಾಕಿದ್ದಾಳೆ. ಕವರು ಹೊರಡುವ ತನಕ ನಾವು ಅವಳ ತಮ್ಮನ ಜೊತೆ ಆ ಆಫೀಸಿನ ಮೆಟ್ಟಿಲ ಮೇಲೆ ಕೂತಿರುತ್ತೇವೆ.